ಸೆನೆಟ್ಟಿನ ಸಮ್ಮತಿಯೂ ಬರಿದಾದ ಪೀಠಗಳೂ: ಅಮೆರಿಕದ ಬ್ಯಾಂಕು ನಿಯಂತ್ರಣದ ಒಂದು ಪ್ರಸಂಗ

ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರರನ್ನು 1934ರ ಶಾಸನದ ಮೇರೆಗೆ ಕೇಂದ್ರ ಸರ್ಕಾರವೇ ನೇಮಿಸುತ್ತದೆ. ಸಂಸತ್ತಿನ ಸಮ್ಮತಿ ಬೇಕಾಗಿಲ್ಲ. ಅಮೆರಿಕದ ರಾಜ್ಯಾಂಗದಲ್ಲಾದರೋ ಉನ್ನತ ಅಧಿಕಾರಿಗಳ ಹೆಸರನ್ನು ಅಧ್ಯಕ್ಷನು ಸೂಚಿಸುತ್ತಾನೆ, ಸೆನೆಟ್ ಸಮ್ಮತಿಸಿದ ಮೇಲೆಯೇ ನೇಮಕವು ಪೂರ್ಣವಾಗುತ್ತದೆ. ಬಂಧುತ್ವ, ಸ್ನೇಹ, ಪ್ರಾಂತಾಭಿಮಾನಗಳ ಬಲದಿಂದ ಅಯೋಗ್ಯರು ಪದವಿಗೇರುವುದನ್ನು ಈ ಏರ್ಪಾಡು ತಡೆಯುವುದೆಂದು ಹ್ಯಾಮಿಲ್ಟನ್ 1788ರಲ್ಲಿ, ಫೆಡರಲಿಸ್ಟ್ ಪ್ರಬಂಧಮಾಲೆಯ 76ನೆಯ ಲೇಖನದಲ್ಲಿ, ವಾದಿಸಿದನು. ಅವನ ದೃಷ್ಟಿಯಲ್ಲಿ ಪರೀಕ್ಷೆಗೆ ಒಳಗಾಗತಕ್ಕವನು ಅಭ್ಯರ್ಥಿ. ನಾವು ಇಲ್ಲಿ ವಿವರಿಸಹೊರಟಿರುವ ಪ್ರಸಂಗದಲ್ಲಿ ಹುದ್ದೆಯೇ ಪರೀಕ್ಷೆಗೆ ಒಳಗಾಯಿತು.

2008ರ ಆರ್ಥಿಕ ಕುಸಿತದ ತರುವಾಯ, 2010ರ ಜುಲೈಯಲ್ಲಿ ಅಂಗೀಕೃತವಾದ ಡಾಡ್–ಫ್ರಾಂಕ್ ಶಾಸನವು, ಸಾಲ ಪಡೆಯುವ ಜನಸಾಮಾನ್ಯರನ್ನು ವಂಚನೆಯಿಂದ ಕಾಪಾಡಲು ಗ್ರಾಹಕ ಹಣಕಾಸು ಸಂರಕ್ಷಣಾ ಕಾರ್ಯಾಲಯವನ್ನು ನಿರ್ಮಿಸಿ ಒಬ್ಬನೇ ನಿರ್ದೇಶಕನ ವಶಕ್ಕೆ ಕೊಟ್ಟಿತು. ಅದರ ವೆಚ್ಚಕ್ಕೆ ಫೆಡರಲ್ ರಿಸರ್ವಿನಿಂದ ಹಣ. ಕಾಂಗ್ರೆಸ್ಸು ವರ್ಷವರ್ಷವೂ ಮಂಜೂರು ಮಾಡಬೇಕಾಗಿರಲಿಲ್ಲ. 2011ರ ಮೇ ತಿಂಗಳಲ್ಲಿ 44 ಮಂದಿ ರಿಪಬ್ಲಿಕನ್ ಸೆನೆಟರು ಅಧ್ಯಕ್ಷ ಒಬಾಮರಿಗೆ ಪತ್ರ ಬರೆದು, ನಿರ್ದೇಶಕನ ಬದಲು ಮಂಡಲಿ ಬರಬೇಕು, ಹಣದ ಮಂಜೂರಾತಿ ಕಾಂಗ್ರೆಸ್ಸಿಗೆ ಸೇರಬೇಕು, ಅಲ್ಲಿಯವರೆಗೆ ಯಾವ ಪಕ್ಷದ ಯಾರನ್ನು ಸೂಚಿಸಿದರೂ ಸಮ್ಮತಿಸುವುದಿಲ್ಲವೆಂದು ತಿಳಿಸಿದರು. ಆಗಿನ್ನೂ ಯಾರ ಹೆಸರನ್ನೂ ಸೂಚಿಸಿರಲಿಲ್ಲ! ಓಹಾಯೋ ಸಂಸ್ಥಾನದ ಅಟಾರ್ನಿ ಜನರಲ್ ಆಗಿದ್ದ ರಿಚರ್ಡ್ ಕಾರ್ಡ್‌ರೇಯವರ ಹೆಸರು ಬಂದದ್ದು ಜುಲೈಯಲ್ಲಿ.

ನೂರು ಸದಸ್ಯರ ಸೆನೆಟ್ಟಿನಲ್ಲಿ ಚರ್ಚೆಯನ್ನು ಮುಕ್ತಾಯಗೊಳಿಸಲು ಅಂದು 60 ಮತಗಳು ಬೇಕಾಗಿದ್ದವು. ಡಿಸೆಂಬರ್ 8ರಂದು ಮುಕ್ತಾಯದ ಪರವಾಗಿ 53, ವಿರೋಧವಾಗಿ 45 ಮತಗಳು ಬಿದ್ದವು. ಬಹುಮತವಿದ್ದೂ ಸೂಚನೆ ಬಿದ್ದುಹೋಯಿತು.

ಪೀಠ ಬರಿದಾಗಿದ್ದುದರಿಂದ ಆದ ನಷ್ಟವೇನು? ಹಳೆಯ ಇಲಾಖೆಗಳಿಂದ ವರ್ಗವಾಗಿ ಬಂದ ಅಧಿಕಾರಗಳನ್ನು ಕಾರ್ಯಾಲಯವು ಚಲಾಯಿಸಬಹುದಾಗಿತ್ತು. ದೊಡ್ಡ ಬ್ಯಾಂಕುಗಳ ತಪಾಸಣೆ ನಡೆಯುತ್ತಿತ್ತು. ಆದರೆ ಬ್ಯಾಂಕಲ್ಲದ ಸಂಸ್ಥೆಗಳ, ಅಂದರೆ ಸಂಬಳದ ದಿನದವರೆಗೆ ಕೈಸಾಲ ಕೊಡುವವರು, ಗೃಹಸಾಲದ ದಲ್ಲಾಳಿಗಳು ಮೊದಲಾದವರ, ಮೇಲ್ವಿಚಾರಣೆಯು ಶಾಸನವು ಹೊಸದಾಗಿ ಕೊಟ್ಟ ಅಧಿಕಾರ. ಅದು ನಿರ್ದೇಶಕನಿಲ್ಲದೆ ಚಲಿಸುವಂತಿರಲಿಲ್ಲ. ಶಾಸನದ ಒಂದಕ್ಷರವೂ ಬದಲಾಗದೆ ಅದರ ಒಂದು ಭಾಗ ನಿರ್ಜೀವವಾಗಿತ್ತು. 2012ರ ಜನವರಿ 4ರಂದು ಒಬಾಮರು ಕಾರ್ಡ್‌ರೇಯವರನ್ನು ವಿರಾಮಕಾಲದ ನೇಮಕದ ಮೂಲಕ ನಿಯೋಜಿಸಿದರು. ಮರುದಿನವೇ ಆ ಮೇಲ್ವಿಚಾರಣೆ ಆರಂಭವಾಯಿತು. ವಿಳಂಬದ ಬೆಲೆಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನಮಗೆ ಕಾಣದು.

ಈ ಉಪಾಯವೂ ನಿರ್ದೋಷವಾಗಿರಲಿಲ್ಲ. ವಿರಾಮವೆಂಬುದೇ ಆಗದಂತೆ ಸೆನೆಟ್ ಕೆಲವು ದಿನಗಳಿಗೊಮ್ಮೆ ನಾಮಮಾತ್ರಕ್ಕೆ ಸೇರುತ್ತಿತ್ತು. ಅದೇ ದಿನ ಕಾರ್ಮಿಕ ಸಂಬಂಧ ಮಂಡಲಿಗೆ ನೇಮಕಗೊಂಡವರ ವಿಷಯದಲ್ಲಿ, ಅಷ್ಟು ಅಲ್ಪ ವಿರಾಮ ಸಾಲದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. ಅಷ್ಟರಲ್ಲಿ, 2013ರ ಜುಲೈ 16ರಂದು, ಸೆನೆಟ್ 66–34 ಮತಗಳಿಂದ ಕಾರ್ಡ್‌ರೇಯವರಿಗೆ ಸಮ್ಮತಿ ಕೊಟ್ಟಿತ್ತು. ಹೆಸರು ಸೂಚಿತವಾಗಿ ಎರಡು ವರ್ಷಗಳು ಕಳೆದಿದ್ದವು.

ವಿರೋಧಿಗಳ ಆಕ್ಷೇಪ ನಿಸ್ಸಾರವಾಗಿತ್ತೆನ್ನಲಾಗದು. ಏಕೈಕ ನಿರ್ದೇಶಕನನ್ನು ಅಧ್ಯಕ್ಷನು ಇಚ್ಛಾನುಸಾರ ತೆಗೆಯದಂತೆ ಇದ್ದ ರಕ್ಷಣೆ ರಾಜ್ಯಾಂಗವಿರುದ್ಧವೆಂದು 2020ರಲ್ಲಿ ಅದೇ ನ್ಯಾಯಾಲಯ ಹೇಳಿತು. ಹಣದ ಏರ್ಪಾಡನ್ನು 2024ರಲ್ಲಿ ಎತ್ತಿಹಿಡಿಯಿತು. ಇಂಥ ಪ್ರಶ್ನೆಗಳಿಗೆ ತಕ್ಕ ಸ್ಥಳ ನ್ಯಾಯಾಲಯ ಅಥವಾ ತಿದ್ದುಪಡಿಯ ಮಸೂದೆ ಎಂಬುದು ನಮ್ಮ ಅಭಿಪ್ರಾಯ.

2013ರ ನವೆಂಬರಿನಲ್ಲಿ ಸೆನೆಟ್ ತನ್ನ ಪದ್ಧತಿಯನ್ನು ಮಾರ್ಪಡಿಸಿ, ಇಂಥ ನೇಮಕಗಳಿಗೆ ಸರಳ ಬಹುಮತವೇ ಸಾಕೆಂದಿತು. ವಿಳಂಬ ಮಾತ್ರ ತಪ್ಪಲಿಲ್ಲ. ಅದರ ಹೊಣೆಯೂ ಸೆನೆಟ್ಟಿನದು ಮಾತ್ರವೇ ಅಲ್ಲ. ಫೆಡರಲ್ ರಿಸರ್ವಿನಲ್ಲಿ ಮೇಲ್ವಿಚಾರಣೆಗೆಂದು 2010ರಲ್ಲಿ ನಿರ್ಮಿತವಾದ ಉಪಾಧ್ಯಕ್ಷ ಪದವಿಗೆ ಒಬಾಮರು ಯಾರನ್ನೂ ಸೂಚಿಸಲಿಲ್ಲ. ಡೇನಿಯಲ್ ಟರೂಲೊ ಎಂಬ ಗವರ್ನರರು ಪದವಿಯಿಲ್ಲದೆ ಆ ಕೆಲಸವನ್ನು ನಡೆಸಿದರು. ಮೊದಲ ಉಪಾಧ್ಯಕ್ಷರು ಬಂದದ್ದು 2017ರ ಅಕ್ಟೋಬರಿನಲ್ಲಿ. ಲಿಂಕನ್ನನ ಕಾಲದಲ್ಲಿ, 1863ರಲ್ಲಿ, ಸ್ಥಾಪಿತವಾದ ಕರೆನ್ಸಿ ಕಂಟ್ರೋಲರ್ ಪದವಿಯಾದರೋ 2020ರ ಮೇ ತಿಂಗಳಿಂದ 2025ರ ಜುಲೈವರೆಗೆ ಹಂಗಾಮಿ ಅಧಿಕಾರಿಗಳ ಕೈಯಲ್ಲಿತ್ತು.