ನಾದಚಿಕಿತ್ಸೆ: ಬಟ್ಟಲು ಬಾರಿಸಿದರೆ ಬೇನೆ ಹೋಗುತ್ತದೆಯೇ?

ಚೆನ್ನೈ, ಬೆಂಗಳೂರು, ಪುಣೆ... ಯಾವ ಮಹಾನಗರಕ್ಕೆ ಹೋದರೂ ಈಗ ‘ಸೌಂಡ್ ಹೀಲಿಂಗ್’ ಎಂಬ ಫಲಕ ಕಣ್ಣಿಗೆ ಬೀಳುತ್ತದೆ. ಬಂದವರನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಸುತ್ತಲೂ ಕಂಚಿನ ಬಟ್ಟಲುಗಳನ್ನಿಟ್ಟು ಕೋಲಿನಿಂದ ಮೆಲ್ಲಗೆ ಬಾರಿಸುತ್ತಾರೆ. ಕೋಲನ್ನು ಬಟ್ಟಲಿನ ಅಂಚಿಗೆ ಒತ್ತಿ ಸುತ್ತಿಸಿದರೆ ನಾದ ಕಡಿಯದೆ ಮೊಳಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಹಲವರಿಗೆ ಜೊಂಪು ಹತ್ತುತ್ತದೆ. ರಾತ್ರಿ ಪಾಳಿ ಮಾಡುವ ನಮ್ಮಂಥ ಐಟಿಯವರಿಗೆ ಅದೇನು ಸಣ್ಣ ಲಾಭವಲ್ಲ.

ಇದು ಟಿಬೆಟ್ಟಿನ ಸಾವಿರಾರು ವರ್ಷಗಳ ವಿದ್ಯೆ ಎಂದು ಪ್ರಚಾರವಿದೆ. ಆದರೆ ಅಲ್ಲಿ ಬಟ್ಟಲಿನಿಂದ ಚಿಕಿತ್ಸೆ ಮಾಡುತ್ತಿದ್ದರು ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಪಶ್ಚಿಮದವರಿಗೆ ಈ ನಾದದ ರುಚಿ ಹತ್ತಿಸಿದ್ದು 1972ರಲ್ಲಿ ಹೆನ್ರಿ ವುಲ್ಫ್ ಮತ್ತು ನ್ಯಾನ್ಸಿ ಹೆನ್ನಿಂಗ್ಸ್ ಹೊರತಂದ ‘ಟಿಬೆಟನ್ ಬೆಲ್ಸ್’ ಎಂಬ ಧ್ವನಿಮುದ್ರಿಕೆ. 1980ರ ದಶಕದಲ್ಲಿ ಜರ್ಮನಿಯ ಪೀಟರ್ ಹೆಸ್, ಬಟ್ಟಲನ್ನು ಮೈಮೇಲಿಟ್ಟು ಬಾರಿಸುವ ಪದ್ಧತಿಯನ್ನು ಬೆಳೆಸಿದರು. ಅಂದರೆ ಈ ಚಿಕಿತ್ಸೆಗೆ ಹೆಚ್ಚೆಂದರೆ ನಮ್ಮ ಅಪ್ಪ-ಅಮ್ಮನ ವಯಸ್ಸು.

ನಾದದ ಚಿಂತನೆ ಮಾತ್ರ ನಮ್ಮಲ್ಲಿ ಹಳೆಯದು. 13ನೇ ಶತಮಾನದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ವು ಆಹತ, ಅನಾಹತ ಎಂದು ನಾದವನ್ನು ಎರಡಾಗಿ ವಿಂಗಡಿಸುತ್ತದೆ. ನಾನಿರುವ ರಾಯಪುರಂನಿಂದ ಉತ್ತರಕ್ಕೆ ಹೋದರೆ ಮಣಲಿ ಸಿಗುತ್ತದೆ. ಮುತ್ತುಸ್ವಾಮಿ ದೀಕ್ಷಿತರ (1775–1835) ಕುಟುಂಬ ಅಲ್ಲಿನ ಮೊದಲಿಯಾರರ ಆಶ್ರಯದಲ್ಲಿತ್ತು. ಶಿಷ್ಯ ತಂಬಿಯಪ್ಪನ ಹೊಟ್ಟೆನೋವಿಗೆ ಗುರುಗ್ರಹದ ದೋಷವೇ ಕಾರಣವೆಂದು ಕಂಡ ದೀಕ್ಷಿತರು, ಅಠಾಣ ರಾಗದಲ್ಲಿ ‘ಬೃಹಸ್ಪತೇ’ ಕೃತಿ ರಚಿಸಿ ಹಾಡಿಸಿದರಂತೆ, ನೋವು ಹೋಯಿತಂತೆ. ಸಂಗೀತಗಾರರು ಪ್ರೀತಿಯಿಂದ ಹೇಳುವ ಕಥೆಯಿದು. ಕಥೆಯನ್ನು ಕಥೆಯಾಗಿ ಗೌರವಿಸೋಣ, ಔಷಧಚೀಟಿ ಮಾಡಿಕೊಳ್ಳುವುದು ಬೇಡ.

ನನಗೆ ಈ ವಿಷಯ ಹತ್ತಿರವಾದದ್ದು ಅಮ್ಮನಿಂದ. 528 ಹರ್ಟ್ಸ್ ನಾದ ಕೇಳಿದರೆ ಡಿಎನ್‌ಎ ಕೂಡ ದುರಸ್ತಿಯಾಗುತ್ತದೆ ಎಂಬ ವಾಟ್ಸಾಪ್ ಸಂದೇಶ ನೋಡಿ, ‘ಇನ್ನು ಬಿ.ಪಿ. ಮಾತ್ರೆ ಯಾಕೋ?’ ಎಂದಳು. ಕೂತು ಹುಡುಕಿದೆ. ಈ ಸಂಖ್ಯೆಗಳನ್ನು ಹೆಸರಿಗೆ ತಂದದ್ದು ಜೋಸೆಫ್ ಪುಲಿಯೊ, ಲಿಯೊನಾರ್ಡ್ ಹೊರೊವಿಟ್ಜ್ ಎಂಬಿಬ್ಬರು ಅಮೆರಿಕನ್ನರು, 1999ರ ಒಂದು ಪುಸ್ತಕದಲ್ಲಿ. ಮಧ್ಯಯುಗದ ಕ್ರೈಸ್ತ ಸನ್ಯಾಸಿಗಳ ಸ್ವರಗಳಿವು ಎನ್ನುತ್ತಾರೆ. ಆದರೆ ಶ್ರುತಿ ಹಿಡಿಯುವ ಟ್ಯೂನಿಂಗ್ ಫೋರ್ಕ್ ಬಂದದ್ದೇ 1711ರಲ್ಲಿ. ಸೆಕೆಂಡಿಗೆ ಇಷ್ಟೇ ಕಂಪನ ಎಂದು ಆ ಸನ್ಯಾಸಿಗಳು ಅಳೆದದ್ದಾದರೂ ಹೇಗೆ?

ಹಾಗೆಂದು ಬಟ್ಟಲಿನಿಂದ ಏನೂ ಆಗುವುದಿಲ್ಲ ಎನ್ನಲಾರೆ. ಅಮೆರಿಕದಲ್ಲಿ ತಮಾರಾ ಗೋಲ್ಡ್ಸ್‌ಬಿ ಮತ್ತು ಸಂಗಡಿಗರು 62 ಜನರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಟ್ಟಲು ನಾದದ ನಂತರ ಉದ್ವೇಗ, ಸಿಟ್ಟು, ಆಯಾಸ ಇಳಿದದ್ದು ಕಂಡಿತು. ಆದರೆ ಬಟ್ಟಲಿಲ್ಲದೆ ಸುಮ್ಮನೆ ಮಲಗಿದ್ದ ಇನ್ನೊಂದು ಗುಂಪು ಅಲ್ಲಿರಲಿಲ್ಲ. ನಮ್ಮ ಟೆಸ್ಟಿಂಗ್ ತಂಡ ಇಂಥ ಫಲಿತಾಂಶ ತಂದರೆ, ‘ಹೋಲಿಸಿ ನೋಡಿದ್ದು ಯಾವುದರ ಜೊತೆ?’ ಎಂದು ಕೇಳದೆ ಬಿಡುತ್ತೇವೆಯೇ? ಗುಣ ಬಟ್ಟಲಿನದೋ, ಫೋನ್ ಬದಿಗಿಟ್ಟು ಮಲಗಿದ್ದರದೋ ಗೊತ್ತಾಗುವುದಿಲ್ಲ.

ಬಿ.ಪಿ.ಯ ವಿಷಯದಲ್ಲಿ ಅಪಾಯವಿರುವುದು ಇಲ್ಲಿಯೇ. ಅದು ಏರಿದರೂ ಎಷ್ಟೋ ಸಲ ಮೈಗೆ ತಿಳಿಯುವುದಿಲ್ಲ. ನಾದ ಕೇಳಿ ಮನಸ್ಸು ಹಗುರವಾದ ಮಾತ್ರಕ್ಕೆ ಒತ್ತಡ ಇಳಿದಿದೆ ಎಂದಲ್ಲ, ಅದನ್ನು ಅಳೆದೇ ನೋಡಬೇಕು. ಅಮ್ಮನಿಗೆ ಹೀಗೆ ಬಿಡಿಸಿ ಹೇಳಿದಾಗ ಒಪ್ಪಿದಳು. ಈಗ ಬೆಳಿಗ್ಗೆ ಮಾತ್ರೆ, ಸಂಜೆ ತಂಬೂರಿ ಶ್ರುತಿ ಹಾಕಿಕೊಂಡು ಅರ್ಧ ಗಂಟೆ ದೇವರನಾಮ.

ನಾದಚಿಕಿತ್ಸೆಗೆ ಹೋಗುವ ಮನಸ್ಸಿದ್ದರೆ ಹೋಗಿ ಬನ್ನಿ. ಗರ್ಭಿಣಿಯರು, ಮೂರ್ಛೆರೋಗ ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು ಮೊದಲು ವೈದ್ಯರನ್ನು ಕೇಳಿ. ‘ಮಾತ್ರೆ ಬಿಡಿ’ ಎಂದು ಬಟ್ಟಲು ಬಾರಿಸುವವರು ಹೇಳಿದರೆ ಮಾತ್ರ ಚಾಪೆ ಬಿಟ್ಟು ಎದ್ದು ಬನ್ನಿ.