ಮೂಗಿನ ಲೆಕ್ಕ: ಊರಲ್ಲಿ ಎಷ್ಟು, ಹೊರದೇಶದಲ್ಲಿ ಎಷ್ಟು?

ಏಳನೇ ತರಗತಿಯಲ್ಲಿ ತ್ರೋಬಾಲ್ ಆಡುವಾಗ ಗೆಳತಿಯ ಮೊಣಕೈ ನನ್ನ ಮೂಗಿಗೆ ಬಡಿಯಿತು. ರಕ್ತ ನಿಂತಿತು, ಊತವೂ ಇಳಿಯಿತು. ಆದರೆ ಮೂಗು ಸ್ವಲ್ಪ ಎಡಕ್ಕೆ ವಾಲಿಯೇ ಉಳಿಯಿತು. ಅಂದಿನಿಂದ ಬಲಗಡೆಯ ಹೊಳ್ಳೆಯಲ್ಲಿ ಉಸಿರು ಸರಾಗವಾಗಿ ಆಡುತ್ತಿರಲಿಲ್ಲ. ಗ್ರೂಪ್ ಫೋಟೋಗಳಲ್ಲಿ ನಾನು ಯಾವಾಗಲೂ ಒಂದೇ ಬದಿಗೆ ಮುಖ ತಿರುಗಿಸಿ ನಿಲ್ಲುವುದನ್ನು ನಮ್ಮ ತರಗತಿಯಲ್ಲಿ ಕೆಲವರು ಗಮನಿಸಿರಬಹುದು.

ದುಬೈಯಲ್ಲಿ ಕೆಲಸ ಮಾಡುವ ಅಣ್ಣ ಕಳೆದ ಈದ್‌ಗೆ ಊರಿಗೆ ಬಂದಿದ್ದ. ಅವನ ಮೊಬೈಲಿನಲ್ಲಿ ಒಂದು ಜಾಹೀರಾತು ಇತ್ತು. ಇಸ್ತಾಂಬುಲ್‌ನಲ್ಲಿ ಮೂಗಿನ ಶಸ್ತ್ರಚಿಕಿತ್ಸೆ, ಐದು ರಾತ್ರಿಯ ಹೋಟೆಲ್, ವಿಮಾನ ನಿಲ್ದಾಣದಿಂದ ಕಾರು, ಎಲ್ಲ ಸೇರಿ 3,500 ಯೂರೋ. "ಅಲ್ಲಿ ಬೇಡವಾದರೆ ದುಬೈಗೆ ಬಾ. ನಾಲ್ಕು ಲಕ್ಷದವರೆಗೆ ನಾನು ಕೊಡುತ್ತೇನೆ" ಎಂದ. ಬಾಪ ಕೇಳಿದ್ದು ಒಂದೇ ಮಾತು: "ಊರಲ್ಲೇ ಆಗುವುದಿಲ್ಲವಾ?" ಉಮ್ಮ ನನ್ನ ಕಡೆ ನೋಡಿ, "ನೀನು ಕಾಮರ್ಸ್ ತಾನೇ, ಲೆಕ್ಕ ಹಾಕು" ಎಂದರು.

ಹಾಗಾಗಿ ಈ ಲೆಕ್ಕ ಹಾಕಿದೆ. ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ನಾಲ್ಕು ಊರಿಗೆ ನಾಲ್ಕು ಕಾಲಂ ಎಳೆದೆ. ಇಲ್ಲಿ ಕೊಟ್ಟಿರುವುದು ನಾವು ಫೋನ್ ಮಾಡಿ ಕೇಳಿದಾಗ ನಮಗೆ ಹೇಳಿದ ದರಗಳು ಮಾತ್ರ. ಬೇರೆಯವರಿಗೆ ಬೇರೆ ದರ ಹೇಳಬಹುದು.

ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ, ಅರಿವಳಿಕೆ, ಒಂದು ರಾತ್ರಿಯ ವಾರ್ಡು ಸೇರಿ 1,20,000 ರೂಪಾಯಿ. ಪರೀಕ್ಷೆ, ಔಷಧಿ, ಓಡಾಟಕ್ಕೆ ಹತ್ತು ಸಾವಿರ ಹಿಡಿದರೆ 1,30,000. ಬೆಂಗಳೂರಿನಲ್ಲಿ 1,75,000, ಇಬ್ಬರು ಹತ್ತು ದಿನ ಉಳಿಯುವ ಖರ್ಚು, ಬಸ್ಸು, ಊಟ ಸೇರಿ ಎರಡು ಲಕ್ಷ. ಇಸ್ತಾಂಬುಲ್‌ನ 3,500 ಯೂರೋ ಎಂದರೆ ಆಗಿನ ದರದಲ್ಲಿ, ಅಂದರೆ ಯೂರೋಗೆ 90 ರೂಪಾಯಿಯಂತೆ, 3,15,000. ದುಬೈಯಲ್ಲಿ ಕೇಳಿದ್ದು 28,000 ದಿರ್ಹಂ. 23 ರೂಪಾಯಿಯಂತೆ 6,44,000.

ಅಣ್ಣನ ವಾದ ಇಲ್ಲಿಗೆ ಮುಗಿದಿತ್ತು. ಇಸ್ತಾಂಬುಲ್ ಅವನ ನಾಲ್ಕು ಲಕ್ಷದೊಳಗೆ ಬರುತ್ತಿತ್ತು. ಆದರೆ ಜಾಹೀರಾತಿನ ಬೆಲೆ ಬಿಲ್ಲಿನ ಮೊದಲ ಸಾಲು ಮಾತ್ರ. ಇಬ್ಬರ ವಿಮಾನ ಟಿಕೆಟಿಗೆ ಒಂದು ಲಕ್ಷ, ವೀಸಾ ಮತ್ತು ಪ್ರಯಾಣ ವಿಮೆಗೆ 25 ಸಾವಿರ, ಊಟಕ್ಕೆ 15 ಸಾವಿರ. ಆಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್, ಮುಖದ ಸೌಂದರ್ಯ ಶಸ್ತ್ರಚಿಕಿತ್ಸೆಯಾದವರು ವಿಮಾನ ಹತ್ತುವ ಮೊದಲು 7ರಿಂದ 10 ದಿನ ಕಾಯಬೇಕು ಎನ್ನುತ್ತದೆ. ಪ್ಯಾಕೇಜಿನಲ್ಲಿದ್ದದ್ದು ಐದೇ ರಾತ್ರಿ! ಉಳಿದ ರಾತ್ರಿಗಳಿಗೆ 20 ಸಾವಿರ ಸೇರಿಸಿದಾಗ ಒಟ್ಟು 4,75,000 ಆಯಿತು. ದುಬೈಯಲ್ಲಿ ಅಣ್ಣನ ಜೊತೆ ಇರಬಹುದಲ್ಲ ಎಂದುಕೊಂಡಿದ್ದೆ. ಅವನು ಆರು ಮಂದಿ ಹಂಚಿಕೊಂಡ ಕೋಣೆಯಲ್ಲಿದ್ದಾನೆ ಎಂಬುದು ನನಗೆ ಗೊತ್ತಾದದ್ದು ಈ ಲೆಕ್ಕ ಹಾಕುವಾಗಲೇ. ಟಿಕೆಟ್, ವೀಸಾ, ಬಾಡಿಗೆ ಕೋಣೆ ಸೇರಿಸಿದರೆ ದುಬೈ ಏಳೂಮುಕ್ಕಾಲು ಲಕ್ಷ ದಾಟಿತು.

ಒಂದೇ ಕೆಲಸಕ್ಕೆ ಇಷ್ಟು ವ್ಯತ್ಯಾಸ ಏಕೆ? ಬಿಲ್ಲಿನಲ್ಲಿ ಸರ್ಜನ್‌ನ ಕೈಚಳಕದ ಬೆಲೆ ಮಾತ್ರ ಇರುವುದಿಲ್ಲ. ಆ ಊರಿನ ನರ್ಸುಗಳ ಸಂಬಳ, ಅರಿವಳಿಕೆ ವೈದ್ಯರ ಶುಲ್ಕ, ಕಟ್ಟಡದ ಬಾಡಿಗೆ, ವೈದ್ಯರು ಕಟ್ಟುವ ವಿಮೆ ಎಲ್ಲವೂ ಇರುತ್ತವೆ. ಬ್ರಿಟನ್ನಿನಲ್ಲಿ ಖಾಸಗಿಯಾಗಿ ಮೂಗು ತಿದ್ದಿಸಲು 4,000ದಿಂದ 7,000 ಪೌಂಡ್ ಬೇಕು ಎಂದು ಎನ್‌ಎಚ್‌ಎಸ್ ಹೇಳುತ್ತದೆ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘದ 2020ರ ವರದಿಯಂತೆ ಅಲ್ಲಿ ಸರ್ಜನ್‌ನ ಸರಾಸರಿ ಶುಲ್ಕವೇ 5,483 ಡಾಲರ್; ಅರಿವಳಿಕೆ, ಆಪರೇಷನ್ ಥಿಯೇಟರ್ ಖರ್ಚು ಬೇರೆ. ಆ ದೇಶದವರಿಗೆ ಇಸ್ತಾಂಬುಲ್ ಅಗ್ಗ. ಟರ್ಕಿಯ ಲಿರಾ 2021ರ ಒಂದೇ ವರ್ಷದಲ್ಲಿ ಡಾಲರ್ ಎದುರು ಶೇಕಡಾ 40ಕ್ಕಿಂತ ಹೆಚ್ಚು ಕುಸಿದದ್ದೂ ಇದಕ್ಕೆ ಒಂದು ಕಾರಣ. ಅಂದರೆ ಆ ಜಾಹೀರಾತು ಲಂಡನ್ನಿನವರಿಗಾಗಿ ಮಾಡಿದ್ದು, ನಮಗಾಗಿ ಅಲ್ಲ. ರೂಪಾಯಿಯಲ್ಲಿ ದುಡಿಯುವವರಿಗೆ ಅದೇ ಪ್ಯಾಕೇಜು ದುಬಾರಿ. ದಿರ್ಹಂ ಅಂತೂ 1997ರಿಂದ ಡಾಲರಿಗೆ ಕಟ್ಟಿಕೊಂಡಿದೆ. ರೂಪಾಯಿ ಡಾಲರಿನ ಎದುರು ಬಿದ್ದಷ್ಟೂ ದುಬೈಯ ಬಿಲ್ಲು ನಮಗೆ ಏರುತ್ತದೆ.

ಅಗ್ಗ ಎಂದರೆ ಕಳಪೆ ಎಂಬ ಅನುಮಾನ ನನಗೂ ಇತ್ತು. ನಮ್ಮ ದೇಶದಲ್ಲಿ ಪ್ಲಾಸ್ಟಿಕ್ ಸರ್ಜನ್ ಆಗಲು ಎಂಬಿಬಿಎಸ್ ನಂತರ ಮೂರು ವರ್ಷ ಎಂಎಸ್, ಆಮೇಲೆ ಮತ್ತೆ ಮೂರು ವರ್ಷ ಎಂಸಿಎಚ್ ಓದಬೇಕು. ಇನ್ನು ಹಣೆಯ ಚರ್ಮದಿಂದ ಮೂಗು ಕಟ್ಟುವ ವಿದ್ಯೆಯನ್ನು ಯುರೋಪಿನವರು ಕಲಿತದ್ದೇ ಇಲ್ಲಿಂದ. ಮೂರನೇ ಮೈಸೂರು ಯುದ್ಧದ ಕಾಲದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ, ಬ್ರಿಟಿಷ್ ಸೈನ್ಯದ ಎತ್ತಿನಗಾಡಿ ಹೊಡೆಯುವ ಕಾವಸ್‌ಜಿ ಎಂಬಾತನಿಗೆ ಪುಣೆಯ ಬಳಿ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದರು. ಅದರ ವಿವರ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಇದೇ ವಿಧಾನವನ್ನು ಅಲ್ಲಿನ ಸರ್ಜನ್ ಜೋಸೆಫ್ ಕಾರ್‌ಪ್ಯೂ 1814ರಲ್ಲಿ ತಾನೇ ಮಾಡಿ ನೋಡಿದರು.

ಆದರೂ ನನ್ನ ಲೆಕ್ಕ ಬದಲಾದದ್ದು ಈ ಯಾವ ಅಂಕಿಯಿಂದಲೂ ಅಲ್ಲ. ಮಂಗಳೂರಿನ ಇಎನ್‌ಟಿ ವೈದ್ಯರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, "ಇದು ಒಂದು ಕೆಲಸವಲ್ಲ, ಎರಡು" ಎಂದರು. ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆ ಬಲಕ್ಕೆ ಬಾಗಿದೆ, ಅದನ್ನು ನೇರ ಮಾಡುವುದು ಸೆಪ್ಟೋಪ್ಲಾಸ್ಟಿ. ಅದು ಉಸಿರಾಟದ ಚಿಕಿತ್ಸೆ. ಹೊರಗಿನ ಆಕಾರ ತಿದ್ದುವುದು ರೈನೋಪ್ಲಾಸ್ಟಿ.

ಈ ಎರಡು ಹೆಸರುಗಳ ನಡುವೆ ಹಣದ ದೊಡ್ಡ ಗೋಡೆಯೇ ಇದೆ. ಬರೀ ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಿಗುವುದಿಲ್ಲ, ಮೇಲಿಂದ ಜಿಎಸ್‌ಟಿ ಕಟ್ಟಬೇಕು. ಹುಟ್ಟಿನಿಂದ ಬಂದ ದೋಷ ಅಥವಾ ಗಾಯದಿಂದ ಕೆಟ್ಟ ಅಂಗವನ್ನು ಸರಿಪಡಿಸುವುದಾದರೆ ಜಿಎಸ್‌ಟಿ ವಿನಾಯಿತಿ ಇದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುಜೋಡಣೆಗೆ, ಅಗತ್ಯವಿದೆ ಎಂದು ವೈದ್ಯರು ಬರೆದುಕೊಟ್ಟರೆ, ವಿಮೆಯ ಬಾಗಿಲೂ ತೆರೆದಿರುತ್ತದೆ. ಆದರೆ ದಾಖಲೆ ಬೇಕು. ಏಳನೇ ತರಗತಿಯ ಆ ದಿನದ ಆಸ್ಪತ್ರೆ ಚೀಟಿಯನ್ನು ಉಮ್ಮ ಕಪಾಟಿನಲ್ಲಿ ರೇಷನ್ ಕಾರ್ಡಿನ ಜೊತೆ ಎತ್ತಿಟ್ಟಿದ್ದರು. ನಮ್ಮ ಕುಟುಂಬದ ಪಾಲಿಸಿಗೆ ಮೂರು ವರ್ಷವಾಗಿದ್ದರಿಂದ ಕಾಯುವ ಅವಧಿಯೂ ಮುಗಿದಿತ್ತು. ವಿಮಾ ಕಂಪನಿ ಒಳಗಿನ ಗೋಡೆಯ ಖರ್ಚಿಗೆ ಒಪ್ಪಿತು. ಹೊರಗಿನ ಆಕಾರಕ್ಕೆ ಒಪ್ಪಲಿಲ್ಲ.

ಇನ್ನೂ ಒಂದು ಖರ್ಚು ಯಾವ ಪ್ಯಾಕೇಜಿನಲ್ಲೂ ಬರೆದಿರುವುದಿಲ್ಲ: ದೂರ. ಮೂಗಿನ ಮೇಲಿನ ಪಟ್ಟಿಯನ್ನು ಸುಮಾರು ವಾರದ ಮೇಲೆ ತೆಗೆಯುತ್ತಾರೆ. ಊತ ಪೂರ್ತಿ ಇಳಿಯಲು ತಿಂಗಳುಗಳೇ ಬೇಕು. ಆಕಾರ ತಿದ್ದಿಸಿಕೊಂಡವರಲ್ಲಿ ನೂರಕ್ಕೆ ಐದರಿಂದ ಹದಿನೈದು ಮಂದಿಗೆ ಎರಡನೇ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ ಎಂದು ವೈದ್ಯಕೀಯ ಬರಹಗಳು ಸಾಮಾನ್ಯವಾಗಿ ಹೇಳುತ್ತವೆ. ಹಾಗಾದರೆ ಇಸ್ತಾಂಬುಲ್‌ಗೆ ಇನ್ನೊಮ್ಮೆ ಟಿಕೆಟ್ ಯಾರು ತೆಗೆಯುವುದು? ತಪ್ಪಾದರೆ ಎಲ್ಲಿ ದೂರು ಕೊಡುವುದು? ನಮ್ಮಲ್ಲಿ ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನ ಒಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ಕೊಟ್ಟಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಬಸ್ಸಿನಲ್ಲಿ ಹೋಗಬಹುದು.

ಕೊನೆಗೆ ಬೇಸಿಗೆ ರಜೆಯಲ್ಲಿ ಒಳಗಿನ ಗೋಡೆಯನ್ನು ಮಾತ್ರ ಊರಲ್ಲೇ ಸರಿ ಮಾಡಿಸಿಕೊಂಡೆ. ಬಿಲ್ಲು 65,000 ಬಂತು, ವಿಮೆ ಕಳೆದು ನಾವು ಕೊಟ್ಟದ್ದು 9,000. ಇದರಲ್ಲಿ ನಷ್ಟವೇ ಇಲ್ಲ ಎನ್ನಲಾರೆ. ಎರಡನ್ನೂ ಒಟ್ಟಿಗೆ ಮಾಡಿಸಿದ್ದರೆ ಒಂದೇ ಅರಿವಳಿಕೆ, ಒಂದೇ ರಜೆ ಸಾಕಿತ್ತು. ಮುಂದೆ ಆಕಾರ ತಿದ್ದಿಸುವುದಾದರೆ ಮತ್ತೊಮ್ಮೆ ಮಲಗಬೇಕು. ಆದರೆ ನನಗಿನ್ನೂ ಹದಿನೇಳು. "ಹದಿನೆಂಟು ತುಂಬಲಿ, ಒಪ್ಪಿಗೆ ಪತ್ರಕ್ಕೆ ನೀನೇ ಸಹಿ ಹಾಕುವಂತಾಗಲಿ" ಎಂದು ವೈದ್ಯರೂ ಹೇಳಿದರು.

ಅಣ್ಣನಿಗೆ ಫೋನಿನಲ್ಲಿ ಲೆಕ್ಕ ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ದುಡ್ಡು ಹಾಗೇ ಇಟ್ಟಿರುತ್ತೇನೆ, ಬಿ.ಕಾಂ.ಗೆ ಸೇರುವಾಗ ಕೇಳು" ಎಂದ. ಆರು ಮಂದಿಯ ಕೋಣೆಯ ವಿಷಯ ನಾನೂ ಎತ್ತಲಿಲ್ಲ, ಅವನೂ ಹೇಳಲಿಲ್ಲ.

ಸ್ನೇಹಿತರೇ, ನಿಮ್ಮಲ್ಲಿ ಯಾರಾದರೂ ಇಂಥ ಯೋಚನೆಯಲ್ಲಿದ್ದರೆ ದರ ಕೇಳುವ ಮೊದಲು ಈ ನಾಲ್ಕು ಪ್ರಶ್ನೆ ಕೇಳಿ. ಇದು ಚಿಕಿತ್ಸೆಯೇ, ಅಂದವೇ, ಅಥವಾ ಎರಡೂ ಸೇರಿದೆಯೇ? ಹೇಳಿದ ದರದಲ್ಲಿ ಅರಿವಳಿಕೆ, ಥಿಯೇಟರ್, ಔಷಧಿ, ಮರುಭೇಟಿ ಎಲ್ಲ ಸೇರಿದೆಯೇ? ಎರಡನೇ ಸಲ ಮಾಡಬೇಕಾಗಿ ಬಂದರೆ ಹಣ ಯಾರದು? ಕತ್ತಿ ಹಿಡಿಯುವವರ ಹೆಸರೇನು, ಅವರು ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿದ್ದಾರೆಯೇ? ಉತ್ತರಗಳನ್ನು ಬರಹದಲ್ಲೇ ಪಡೆಯಿರಿ. ಹಳೆಯ ಗಾಯದ ಚೀಟಿ ಇದ್ದರೆ ಎಸೆಯಬೇಡಿ.

ಈಗ ರಾತ್ರಿ ಬಾಯಿ ಮುಚ್ಚಿ ಮಲಗುತ್ತೇನೆ. ಮೂಗು ಹೊರಗಿನಿಂದ ಇನ್ನೂ ಎಡಕ್ಕೇ ವಾಲಿದೆ. ಕೆಲವು ದಿನ ಕನ್ನಡಿಯಲ್ಲಿ ಅದು ಕಾಣಿಸುತ್ತದೆ, ಕೆಲವು ದಿನ ನೆನಪೇ ಆಗುವುದಿಲ್ಲ. ಆ ಕಾಲಮ್ಮನ್ನು ನೋಟ್‌ಬುಕ್ಕಿನಲ್ಲಿ ಇನ್ನೂ ಮುಚ್ಚಿಲ್ಲ.