ಬಾಣಂತಿಗೆ ಬಾಯಾರಿಕೆ, ಕೂಸಿಗೆ ನೀರು

ಮೇ ತಿಂಗಳಲ್ಲಿ ಮಗಳ ಬಾಣಂತನಕ್ಕೆಂದು ತೀರ್ಥಹಳ್ಳಿ ಕಡೆಯಿಂದ ಚೆನ್ನೈಗೆ ಬಂದಿಳಿಯುವ ಅಜ್ಜಿಯ ಚೀಲದಲ್ಲಿ ಏನೇನಿರುತ್ತದೆ ಎಂದು ನೋಡದೆಯೇ ಹೇಳಬಹುದು. ಕೂಸಿಗೆ ಉಲ್ಲನ್ ಟೋಪಿ, ಕಾಲುಚೀಲ. ಬಾಣಂತಿಯ ಕಿವಿ ಮುಚ್ಚಲು ಸ್ಕಾರ್ಫ್. ಬಜೆ, ಸಾಂಬ್ರಾಣಿ, ಒಣಶುಂಠಿ ಲೇಹ್ಯದ ಡಬ್ಬಿ. ಎಲ್ಲಕ್ಕಿಂತ ಜೋಪಾನವಾಗಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಬೆಳ್ಳಿಯ ಒಳಲೆ. ಟೋಪಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲ ತಕರಾರು ಒಳಲೆಯ ಮೇಲೆ, ಅಂದರೆ ಅದರಲ್ಲಿ ತುಂಬುವ ನೀರಿನ ಮೇಲೆ.

“ಇಷ್ಟೊಂದು ಸೆಖೆ, ಕೂಸಿನ ಗಂಟಲು ಒಣಗಿರಲ್ವೇನೇ? ಒಂದು ಒಳಲೆ ನೀರು ಕುಡಿಸಿದರೆ ಏನಾಗುತ್ತೆ?”

ಕೆಲಸದ ಮೇಲೆ ಬೆಂಗಳೂರು, ಮೈಸೂರು, ಶಿವಮೊಗ್ಗಗಳಿಂದ ಬಂದು ಚೆನ್ನೈನಲ್ಲಿ ಸಂಸಾರ ಹೂಡಿದ ಕನ್ನಡದವರ ಮನೆಗಳಲ್ಲಿ ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಬೆಂಗಳೂರಿನಂಥ ತಂಪಿನ ಊರಲ್ಲಿ ಎದೆಹಾಲೊಂದೇ ಸಾಕಂತೆ, ಬಿಸಿಲೂರಿಗೆ ಬಂದ ಮೇಲೆ ಮೇಲಿಂದ ನೀರೂ ಬೇಕಂತೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ದೊಡ್ಡವರಾದ ನಾವೇ ಬಾಟಲಿಗಟ್ಟಲೆ ಕುಡಿಯುತ್ತಿರುವಾಗ ಪಾಪದ ಕೂಸಿಗೆ ಬೇಡವೇ?

ಬೇಡ. ಆರು ತಿಂಗಳು ತುಂಬುವವರೆಗೆ ಚೆನ್ನೈನಲ್ಲೂ ಬೇಡ, ಕಲಬುರಗಿಯಲ್ಲೂ ಬೇಡ. ಎದೆಹಾಲಿನಲ್ಲಿ ನೂರಕ್ಕೆ 87–88 ಪಾಲು ನೀರೇ. ಕೂಸು ಹಾಲು ಕುಡಿದಾಗಲೆಲ್ಲ ನೀರನ್ನೂ ಕುಡಿಯುತ್ತಿದೆ, ಅದೂ ಕುದಿಸುವ, ಸೋಸುವ ಗೊಡವೆಯಿಲ್ಲದ ನೀರನ್ನು. ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳು ಎದೆಹಾಲು ಮಾತ್ರ ಎಂದು ಹೇಳುವಾಗ ಉಷ್ಣವಲಯದ ದೇಶಗಳಿಗೆ ವಿನಾಯಿತಿ ಕೊಟ್ಟಿಲ್ಲ. ಇದನ್ನು ತಂಪು ದೇಶದ ಬಿಳಿಯರ ಲೆಕ್ಕ ಎಂದು ತಳ್ಳಿಹಾಕುವವರಿಗೆ ಒಂದು ಮಾತು: ಎದೆಹಾಲಷ್ಟೇ ಕುಡಿಯುವ ಕೂಸುಗಳನ್ನೂ ಜೊತೆಗೆ ನೀರು ಕುಡಿಯುವ ಕೂಸುಗಳನ್ನೂ ನಮ್ಮ ದೇಶದ ಮಕ್ಕಳ ವೈದ್ಯರೇ ನಮ್ಮ ಬೇಸಿಗೆಯಲ್ಲೇ ಪರೀಕ್ಷಿಸಿದ್ದಾರೆ. ಮೇಲಿಂದ ನೀರು ಬೇಕಿಲ್ಲ ಎಂಬ ಅವರ ವರದಿ 1991ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಬೇಸಿಗೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಈಗ ತಾವೇ ತಾಯಂದಿರಾಗಿದ್ದಾರೆ. ಒಳಲೆ ಮಾತ್ರ ಇನ್ನೂ ಮೂಲೆ ಸೇರಿಲ್ಲ.

ಏನಾಗುತ್ತೆ ಎಂದು ಕೇಳಿದರಲ್ಲ, ಹೇಳುತ್ತೇನೆ. ಮೊದಲನೆಯದಾಗಿ ಹೊಟ್ಟೆ ತುಂಬುತ್ತದೆ. ಎಳೆಗೂಸಿನ ಹೊಟ್ಟೆ ಎಷ್ಟು ದೊಡ್ಡದು! 100 ಮಿ.ಲೀ. ಎದೆಹಾಲಿನಲ್ಲಿ 65ರಿಂದ 70 ಕ್ಯಾಲೊರಿ ಇದೆ, ನೀರಿನಲ್ಲಿ ಸೊನ್ನೆ. ನೀರು ಕುಡಿದ ಕೂಸು ಹಾಲು ಬಿಟ್ಟು ನಿದ್ದೆ ಹೋಗುತ್ತದೆ. “ನೋಡು, ಬಾಯಾರಿಕೆ ತೀರಿತು, ಹೇಗೆ ಮಲಗಿತು” ಎಂದು ಅಜ್ಜಿಗೆ ಸಮಾಧಾನ. ಕೂಸು ಚೀಪುವುದು ಕಡಿಮೆಯಾದಷ್ಟೂ ಹಾಲಿನ ಉತ್ಪತ್ತಿಯೂ ಕಡಿಮೆಯಾಗುತ್ತದೆ. ಎರಡು ವಾರದಲ್ಲಿ “ಇವಳಿಗೆ ಹಾಲೇ ಸಾಲುತ್ತಿಲ್ಲ” ಎಂಬ ತೀರ್ಪು ಬರುತ್ತದೆ. ಹಿಂದೆಯೇ ಹಾಲಿನ ಪುಡಿಯ ಡಬ್ಬಿ.

ಎರಡನೆಯದು ಸೋಂಕು. ನೀರು ಕುದಿಸಿದ್ದೇ ಇರಬಹುದು. ಆ ಒಳಲೆಯನ್ನು ಹಿಡಿದ ಕೈ? ಅದನ್ನು ಒರೆಸಿದ ಸೆರಗು?

ಮೂರನೆಯದು ಅಪರೂಪ, ಆದರೆ ಭಯಂಕರ. ಎಳೆಯ ಮೂತ್ರಪಿಂಡಗಳಿಗೆ ಹೆಚ್ಚುವರಿ ನೀರನ್ನು ಬೇಗ ಹೊರಹಾಕುವ ಶಕ್ತಿ ಇನ್ನೂ ಬಂದಿರುವುದಿಲ್ಲ. ನೀರು ಒಳಗೇ ಉಳಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗಿ, ಮಿದುಳು ಊದಿಕೊಂಡು, ಕೂಸಿಗೆ ಫಿಟ್ಸ್ ಬರಬಹುದು. ಒಂದೇ ಒಂದು ಒಳಲೆಗೆ ಹೀಗಾಗುತ್ತದೆ ಎಂದು ಹೆದರಿಸುತ್ತಿಲ್ಲ. ಆದರೆ ಒಂದಕ್ಕೆ ಯಾರ ಮನೆಯಲ್ಲಿ ನಿಂತಿದೆ? ಬೆಳಿಗ್ಗೆ ಅಜ್ಜಿ, ಮಧ್ಯಾಹ್ನ ಅಜ್ಜಿಗೆ ಗೊತ್ತಿಲ್ಲದೆ ಅತ್ತೆ, ಸಂಜೆ ನೋಡಲು ಬಂದ ಪಕ್ಕದ ಮನೆಯವರು. ಡಬ್ಬಿ ಹಾಲು ಕುಡಿಯುವ ಕೂಸಿಗೆ “ಬೇಸಿಗೆ ಅಲ್ವಾ” ಎಂದು ಅಳತೆ ಮೀರಿ ನೀರು ಬೆರೆಸುವುದೂ ಇದೇ ಅಪಾಯ.

ಸೆಖೆಗೆ ಕೂಸು ಏನೂ ಮಾಡಿಕೊಳ್ಳುವುದಿಲ್ಲವೇ? ಮಾಡಿಕೊಳ್ಳುತ್ತದೆ. ಪದೇ ಪದೇ ಹಾಲು ಕೇಳುತ್ತದೆ, ಸ್ವಲ್ಪ ಸ್ವಲ್ಪವೇ ಕುಡಿಯುತ್ತದೆ. ಎದೆಗೆ ಹಾಕಿಕೊಂಡಾಗ ಮೊದಲು ಬರುವ ಹಾಲು ತೆಳ್ಳಗಿರುವುದರಿಂದ ಬಾಯಾರಿಕೆ ಅದರಲ್ಲೇ ತೀರುತ್ತದೆ. ಮನೆಯ ಹಿರಿಯರು ಇದನ್ನೇ ತಿರುಗಿಸಿ ಓದುತ್ತಾರೆ: ಗಳಿಗೆಗೊಮ್ಮೆ ಅಳುತ್ತಿದೆ, ಹಾಗಾದರೆ ಹಾಲು ಸಾಲುತ್ತಿಲ್ಲ. ಸಾಲುತ್ತಿದೆಯೋ ಇಲ್ಲವೋ ನೋಡಲು ಅಳುವನ್ನಲ್ಲ, ಲಂಗೋಟಿಯನ್ನು ನೋಡಬೇಕು. ಹುಟ್ಟಿದ ಮೊದಲ ವಾರ ಕಳೆದ ಮೇಲೆ ದಿನವೊಂದಕ್ಕೆ ಆರು ಸಲವಾದರೂ ಒದ್ದೆಯಾಗುತ್ತಿದ್ದು, ಮೂತ್ರ ತಿಳಿಯಾಗಿದ್ದು, ತೂಕ ಏರುತ್ತಿದ್ದರೆ ಚಿಂತೆಯಿಲ್ಲ. ಮೂತ್ರ ಕಡಿಮೆಯಾಗಿ ಗಾಢ ಹಳದಿಯಾದರೆ, ಬಾಯಿ ಒಣಗಿದರೆ, ಕೂಸು ಮಂಕಾಗಿ ಹಾಲು ಚೀಪುವುದನ್ನೇ ಬಿಟ್ಟರೆ, ಮೂರು ತಿಂಗಳೊಳಗಿನ ಕೂಸಿನ ಮೈ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಆಟೋ ಹಿಡಿದು ಆಸ್ಪತ್ರೆಗೆ ಹೋಗಬೇಕು.

ಇಷ್ಟಾದರೂ ತಡೆದುಕೊಳ್ಳಬಹುದಿತ್ತು. ನನಗೆ ನಿಜಕ್ಕೂ ಸಿಟ್ಟು ಬರುವುದು ಅದೇ ಕೋಣೆಯ ಇನ್ನೊಂದು ದೃಶ್ಯಕ್ಕೆ. ಅದೇ ಅಜ್ಜಿ, ಅದೇ ಮಂಚ, ಕೂಸಿನ ಪಕ್ಕದಲ್ಲೇ ಬೆವರಿನಲ್ಲಿ ತೋಯ್ದ ಮಗಳು. “ಅಮ್ಮಾ, ಒಂದು ಲೋಟ ನೀರು ಕೊಡೇ.” “ಈಗ ತಾನೇ ಕುಡಿದೆಯಲ್ಲೇ. ಬಾಣಂತಿ ಹಾಗೆಲ್ಲ ನೀರು ಕುಡಿದರೆ ಹೊಟ್ಟೆ ಬರುತ್ತೆ ಕಣೇ, ಆಮೇಲೆ ಕರಗಲ್ಲ.” ಆ ಹೆಣ್ಣುಮಗಳ ದೇಹ ದಿನಕ್ಕೆ ಹೆಚ್ಚುಕಡಿಮೆ ಮುಕ್ಕಾಲು ಲೀಟರ್ ಹಾಲು ತಯಾರಿಸುತ್ತಿದೆ. ಅದರ ನೀರು ಎಲ್ಲಿಂದ ಬರಬೇಕು? ಅದರ ಮೇಲೆ ಚೆನ್ನೈನ ಬೆವರು ಬೇರೆ. ನೀರು ಬೇಡದ ಕೂಸಿಗೆ ಒತ್ತಾಯ ಮಾಡಿ ಕುಡಿಸುತ್ತಾರೆ, ಬೇಕೇ ಬೇಕಾದ ತಾಯಿಗೆ ಲೋಟ ಲೆಕ್ಕ ಹಾಕುತ್ತಾರೆ. ಹಿಗ್ಗಿದ ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರ ಹಿಡಿಯುತ್ತದೆ, ಸಡಿಲಗೊಂಡ ಹೊಟ್ಟೆಯ ಸ್ನಾಯುಗಳು ಬಿಗಿಯಾಗಲು ಇನ್ನೂ ಹೆಚ್ಚು. ಕುಡಿದ ನೀರಿಗೂ ಆ ಹೊಟ್ಟೆಗೂ ಸಂಬಂಧವೇ ಇಲ್ಲ. ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ. ಹೆರಿಗೆಯಾದ ಮೊದಲ ವಾರಗಳಲ್ಲಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಮೊದಲೇ ಹೆಚ್ಚು. ಮಂಚ ಬಿಟ್ಟು ಏಳದೆ, ನೀರೂ ಕುಡಿಯದೆ ಇದ್ದರೆ ಅದು ಇನ್ನಷ್ಟು ಹೆಚ್ಚುತ್ತದೆ.

ಅಜ್ಜಿಯರನ್ನು ಬೈಯುವುದು ಸುಲಭ. ಅವರ ಬಾಣಂತನದ ಕಟ್ಟಳೆಗಳಲ್ಲಿ ಹಲವು ಹುಟ್ಟಿದ್ದು ಆಗುಂಬೆಯ ಮಳೆ ಸುರಿಯುವ ಸೀಮೆಯಲ್ಲಿ. ಆಷಾಢದಲ್ಲಿ ಅಲ್ಲಿ ಮನೆಯೊಳಗೂ ಥಂಡಿ, ವಾರವಾದರೂ ಬಟ್ಟೆ ಒಣಗದು, ಹಂಡೆಯ ಒಲೆಯ ಮುಂದೆಯೇ ಕೂತಿರೋಣ ಅನ್ನಿಸುತ್ತದೆ. ಅಲ್ಲಿ ಟೋಪಿಗೂ ಅರ್ಥವಿದೆ, ಕಾಲುಚೀಲಕ್ಕೂ ಅರ್ಥವಿದೆ. ಮೇ ತಿಂಗಳ ಚೆನ್ನೈನಲ್ಲಿ ಹಗಲು 37–38 ಡಿಗ್ರಿ, ರಾತ್ರಿಯಲ್ಲೂ 28. ಇಲ್ಲಿ ಕೂಸಿಗೆ ಉಲ್ಲನ್ ಟೋಪಿ ಹಾಕುವುದೆಂದರೆ ಕಂಬಳಿಕೊಪ್ಪೆ ಹೊದ್ದು ಮರೀನಾ ಬೀಚಿಗೆ ಹೋದ ಹಾಗೆ. ಎಳೆಗೂಸಿನ ಮೈಯ ಕಾವು ತಲೆಯಿಂದಲೇ ಬಹಳಷ್ಟು ಹೊರಹೋಗಬೇಕು, ಅದನ್ನೇ ಮುಚ್ಚಿಬಿಡುತ್ತೇವೆ. ಮೈ ಬಿಸಿಯಾಯಿತೆಂದು ಜ್ವರದ ಹನಿ ಹಾಕುತ್ತೇವೆ. ಅಂಗೈ ಅಂಗಾಲು ತಣ್ಣಗಿದ್ದರೆ ಚಳಿಯೆಂದುಕೊಳ್ಳಬೇಡಿ, ಎಳೆಗೂಸುಗಳಲ್ಲಿ ಅದು ಸಹಜ. ಕತ್ತಿನ ಹಿಂಭಾಗವನ್ನೋ ಎದೆಯನ್ನೋ ಮುಟ್ಟಿ ನೋಡಿ. ನಿದ್ದೆಯಲ್ಲಿ ಅತಿಯಾಗಿ ಬಿಸಿಯಾಗುವುದು ಕೂಸುಗಳ ಹಠಾತ್ ಸಾವಿನ ಅಪಾಯಗಳಲ್ಲೊಂದು ಎಂಬುದು ಗೊತ್ತಿದ್ದರೆ ಯಾರೂ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಸಾಂಬ್ರಾಣಿ ಹೊಗೆ ಹಾಕಿ ಮಲಗಿಸುತ್ತಿರಲಿಲ್ಲ. ಎಸಿ ಹಾಕಬಹುದೇ? ಧಾರಾಳವಾಗಿ. ಗಾಳಿ ನೇರವಾಗಿ ಮುಖಕ್ಕೆ ಬೀಸದಿದ್ದರೆ, ಮೈಮೇಲೊಂದು ತೆಳು ಹತ್ತಿಯ ಅಂಗಿಯಿದ್ದರೆ ಆಯಿತು.

ಈ ವಾದದಲ್ಲಿ ಸೋಲುವ ಹಂತಕ್ಕೆ ಬಂದಾಗ ಹಿರಿಯರು ತೆಗೆಯುವ ಬ್ರಹ್ಮಾಸ್ತ್ರವೊಂದಿದೆ: “ನಿಮ್ಮನ್ನೆಲ್ಲ ಹೀಗೇ ಸಾಕಿದ್ದು. ನೀವು ಬೆಳೀಲಿಲ್ವಾ?” ಬೆಳೆದೆವು, ನಿಜ. ಬೆಳೆದವರು ತಾನೇ ಈ ಪ್ರಶ್ನೆಯನ್ನು ಕೇಳಿಸಿಕೊಳ್ಳಲು ಉಳಿದಿರುವುದು! 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ ಇಳಿಯಿತು. ಒಳಲೆ ನೀರೇ ಎಲ್ಲದಕ್ಕೂ ಕಾರಣ ಎನ್ನುವುದಿಲ್ಲ. ಲಸಿಕೆ, ಆಸ್ಪತ್ರೆ ಹೆರಿಗೆ, ಓಆರ್‌ಎಸ್ ಎಲ್ಲ ಸೇರಿ ಆದ ಇಳಿಕೆ ಅದು. ಆದರೆ ಹಳೆಯ ಕಾಲದ ಶಿಶುಪಾಲನೆಯನ್ನು ಹೊಗಳುವಾಗ ಪ್ರತಿ ಮನೆಯ ಅಜ್ಜಿಯೂ ತನ್ನ ಹೆರಿಗೆಗಳ ಲೆಕ್ಕ, ಉಳಿದ ಮಕ್ಕಳ ಲೆಕ್ಕ ಎರಡನ್ನೂ ಹೇಳಬೇಕು.

ಅಜ್ಜಿಯರಿಗಾದರೂ ಮಲೆನಾಡಿನ ನೆಪವಿದೆ. ಅಳಿಯಂದಿರಿಗೆ ಯಾವ ನೆಪ? ಬಾಡಿಗೆ ಕರಾರಿನ ಒಂದೊಂದು ಸಾಲನ್ನೂ ಓದಿ, ಸಾಮಾನು ಸಾಗಿಸುವವರಿಂದ ಮೂರು ಮೂರು ಕಡೆ ದರ ಕೇಳಿ ಬಂದ ಇಂಜಿನಿಯರು, ಫೋನಿಗೆ ಬಂದ ಫಾರ್ವರ್ಡ್‌ಗೆ ಮಾತ್ರ ಮರುಪ್ರಶ್ನೆ ಹಾಕುವುದಿಲ್ಲ. ಬೇಸಿಗೆಯಲ್ಲಿ ಪೆಟ್ರೋಲ್ ಟ್ಯಾಂಕ್ ಪೂರ್ತಿ ತುಂಬಿಸಿದರೆ ಸಿಡಿಯುತ್ತದಂತೆ! ಇಂಡಿಯನ್ ಆಯಿಲ್ ಕಂಪನಿಯೇ ಇದು ಸುಳ್ಳೆಂದು ಸ್ಪಷ್ಟನೆ ಕೊಟ್ಟ ಮೇಲೂ ವರ್ಷ ವರ್ಷ ಚೈತ್ರ ಬಂದಂತೆ ಬರುತ್ತದೆ. ಬಿಸಿಲಿನಿಂದ ಬಂದು ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದಂತೆ. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ತಾಗದಂತೆ. ಈರುಳ್ಳಿ ಮಾಡುವ ಅಪಕಾರ ಒಂದೇ: ಅದನ್ನು ನಂಬಿ ಮನುಷ್ಯ ಕೊಡೆ ಮರೆತು ಹೋಗುತ್ತಾನೆ. ಡಾಕ್ಟರು ಹೇಳಿದ್ದಕ್ಕೆ ಎರಡನೇ ಅಭಿಪ್ರಾಯ ಕೇಳುವ ನಾವು, ಯಾರೋ ಗೊತ್ತಿಲ್ಲದವರು ‘ಎಲ್ಲರಿಗೂ ಕಳಿಸಿ’ ಎಂದರೆ ಎಲ್ಲರಿಗೂ ಕಳಿಸುತ್ತೇವೆ. ಹಾಗೆ ಕಳಿಸಿದ್ದೇ ಕೊನೆಗೆ ಅಜ್ಜಿಯ ಫೋನಿಗೂ ಬಂದು, “ಡಾಕ್ಟರೇ ಹೇಳಿದಾರಂತೆ” ಎಂದು ಬಾಣಂತಿಯ ಕೋಣೆ ಸೇರುತ್ತದೆ.

ಉಳಿದವನ್ನು ಬೇಗ ಮುಗಿಸುತ್ತೇನೆ. ರಾಯಚೂರು, ಕಲಬುರಗಿಗಳಿಂದ ಲಾರಿಯಲ್ಲಿ ಹೇರಿಕೊಂಡು ಬಂದ ಏರ್ ಕೂಲರ್ ಚೆನ್ನೈನಲ್ಲಿ ದಂಡ. ನೀರು ಆರಿದರೆ ತಾನೇ ಅದು ತಂಪು ಕೊಡುವುದು, ಕಡಲ ತೇವ ತುಂಬಿದ ಗಾಳಿಯಲ್ಲಿ ನೀರು ಆರುವುದೇ ಕಷ್ಟ. ‘ನಮ್ಮ ಕಡೆ 42 ಇರುತ್ತೆ, ಇಲ್ಲಿ ಬರೀ 36’ ಎಂದು ಬೀಗುವವರ ಬೆವರಿಗೂ ಅದೇ ಗತಿ. ಎಸಿಯನ್ನು 18ಕ್ಕೆ ಇಟ್ಟರೆ ಕೋಣೆ ಬೇಗ ತಣ್ಣಗಾಗುವುದಿಲ್ಲ, ಕರೆಂಟ್ ಬಿಲ್ ಮಾತ್ರ ಬೇಗ ಬೆಳೆಯುತ್ತದೆ. ಮಗುವಿನ ಬೆವರುಸಾಲೆಗೆ ಮಾವಿನಹಣ್ಣು ಕಾರಣವಲ್ಲ, ಮುಚ್ಚಿಹೋದ ಬೆವರಿನ ರಂಧ್ರಗಳು ಕಾರಣ. ಅದರ ಮೇಲೆ ಪೌಡರ್ ಮೆತ್ತುವುದು ಇನ್ನೂ ಕೆಟ್ಟದ್ದು. ಸೆಖೆಯೂರಿಗೆ ಹೋದರೆ ರಕ್ತ ತೆಳುವಾಗುತ್ತದೆ ಎಂಬ ಮಾತಿನಲ್ಲಿ ಎಳ್ಳಷ್ಟು ನಿಜವಿದೆ: ಒಂದೆರಡು ವಾರದಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಇದು ಮೈ ಊರಿಗೆ ಒಗ್ಗಿಕೊಳ್ಳುವ ಬಗೆ, ಕಾಯಿಲೆಯಲ್ಲ. ಇಪ್ಪತ್ತನಾಲ್ಕು ಗಂಟೆ ಎಸಿಯಲ್ಲೇ ಕೂತವರಿಗೆ ಮಾತ್ರ ಆ ಒಗ್ಗುವಿಕೆ ಸರಿಯಾಗಿ ಆಗುವುದಿಲ್ಲ.

ತಮಿಳರು ಅಗ್ನಿ ನಕ್ಷತ್ರ ಎನ್ನುವ ಅವಧಿ ಸಾಮಾನ್ಯವಾಗಿ ಮೇ 4ರ ಆಸುಪಾಸು ಶುರುವಾಗಿ 28ರ ಹೊತ್ತಿಗೆ ಮುಗಿಯುತ್ತದೆ. ಅದು ಮುಗಿದರೆ ಬಿಸಿಲೂ ಮುಗಿಯಿತು ಎಂದು ನಂಬಿದವರಿಗೆ ನೆನಪಿರಲಿ, ಚೆನ್ನೈ ದಾಖಲೆಯ 45 ಡಿಗ್ರಿ ಕಂಡದ್ದು 2003ರ ಮೇ 31ರಂದು. ಹಾಗೆಯೇ ಜೂನ್ ಮೊದಲ ವಾರ ಬಾಲ್ಕನಿಯಲ್ಲಿ ನಿಂತು ಪಡುವಣದ ಮೋಡ ಹುಡುಕುವ ನಮ್ಮವರಿಗೂ ಒಂದು ಮಾತು. ಊರಿನ ಮುಂಗಾರು ಘಟ್ಟದ ಆ ಬದಿಯಲ್ಲೇ ತನ್ನ ನೀರನ್ನೆಲ್ಲ ಸುರಿದುಬಿಡುತ್ತದೆ. ಇಲ್ಲಿಗೆ ಬರುವುದು ಜೂನ್‌ನಿಂದ ಸಂಜೆಯ ಗುಡುಗುಮಳೆಗಳಷ್ಟೇ, ದೊಡ್ಡ ಮಳೆಗೆ ಅಕ್ಟೋಬರ್‌ವರೆಗೆ ಕಾಯಬೇಕು. ಅದು ಜೋರು ಹಿಡಿಯುವ ನವೆಂಬರ್ ಹೊತ್ತಿಗೆ ಮೇ ತಿಂಗಳಲ್ಲಿ ಹುಟ್ಟಿದ ಕೂಸಿಗೆ ಆರು ತಿಂಗಳು ತುಂಬಿರುತ್ತದೆ. ಆಗ ರಾಗಿ ಸರಿ ಶುರುಮಾಡಿ, ಜೊತೆಗೆ ಕುದಿಸಿ ಆರಿಸಿದ ನೀರನ್ನೂ ಗುಟುಕು ಗುಟುಕಾಗಿ ಕುಡಿಸಬಹುದು.